ಅಂಚೆಯಲ್ಲಿ ಬಂದ ಅರ್ಜಿ

ನಮ್ಮ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮುಖ್ಯ ಎಂಜಿನಿಯರ್‌ವರೆಗೆ ಎಲ್ಲರಿಗೂ ಅವಳು ಅರ್ಜಿಯಕ್ಕ. ನೀರು ಸರಬರಾಜು ಇಲಾಖೆಯ ನೇಮಕಾತಿ ವಿಭಾಗ ಎರಡನೇ ಮಹಡಿಯ ಮೂಲೆಯಲ್ಲಿತ್ತು. ಅಲ್ಲಿ ಅವಳ ಮೇಜಿಗೆ ತಾಗಿಕೊಂಡೇ ನನ್ನ ಬೆರಳಚ್ಚು ಯಂತ್ರದ ಮೇಜು. ಆಮೇಲೆ ಯಂತ್ರ ಹೋಗಿ ಕಂಪ್ಯೂಟರ್ ಬಂತು, ಮೇಜು ಮಾತ್ರ ಕದಲಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾವಿಬ್ಬರೂ ಒಂದೇ ಫ್ಯಾನಿನ ಕೆಳಗೆ ಕೂತವರು. ನಾನು ಈಗ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಅವಳೇ ಹೇಳಿದ್ದು.

ಅವಳ ಅಪ್ಪ ಇದೇ ಇಲಾಖೆಯಲ್ಲಿ ಪಂಪ್‌ಹೌಸ್ ನೋಡಿಕೊಳ್ಳುತ್ತಿದ್ದವರು. ಒಂದು ಬೆಳಗ್ಗೆ ಕೆಲಸಕ್ಕೆ ಬಂದು, ಎದೆ ಹಿಡಿದುಕೊಂಡಂತಾಗುತ್ತಿದೆ ಎಂದು ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಆಗ ಅವಳಿಗೆ ಇಪ್ಪತ್ತೊಂದು, ತಮ್ಮನಿಗೆ ಹದಿನೈದು. ಕೆಲಸದಲ್ಲಿದ್ದಾಗ ತೀರಿಕೊಂಡವರ ಮನೆಯಲ್ಲಿ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಅನುಕಂಪದ ಮೇಲೆ ನೌಕರಿ ಕೊಡುವ ನಿಯಮವಿತ್ತು. ಹದಿನೆಂಟು ತುಂಬಿರಬೇಕು, ವರ್ಷದೊಳಗೆ ಕೇಳಿಕೊಳ್ಳಬೇಕು. ತಾಯಿ ಇಲಾಖೆಯ ಅಧಿಕಾರಿಯ ಮುಂದೆ ನಿಂತು, "ಮಗನಿಗೆ ಇನ್ನು ಮೂರು ವರ್ಷ ಸ್ವಾಮಿ, ಅಲ್ಲೀವರೆಗೆ ಇಟ್ಟಿರೋಕಾಗಲ್ವಾ?" ಎಂದು ಕೇಳಿದರಂತೆ. "ಕೆಲಸ ಏನು ಕಡ ಕೊಡೋ ಪಾತ್ರೆ ಏನಮ್ಮ, ತೆಗೆದಿಡೋಕೆ?" ಎಂದರಂತೆ ಅವರು.

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಅದನ್ನು ಬಿಟ್ಟು ಅವಳು ಗುಮಾಸ್ತೆಯಾಗಿ ಇಲ್ಲಿಗೆ ಬಂದಳು. ಬರುವ ದಿನ ತಾಯಿ ಹೇಳಿದ ಮಾತು ಅವಳಿಗೆ ಇಂದಿಗೂ ಮರೆತಿಲ್ಲ. "ಅದು ನಿನ್ನ ತಮ್ಮನ ಪಾಲಿನ ಕೆಲಸ. ನೆನಪಿಟ್ಕೋ. ಅವನು ಓದಿ ಬೇರೆ ಗಳಿಸಿಕೊಳ್ಳೋ ತನಕ ನೀನು ಕಾಯ್ಕೊಂಡಿರು."

ತಮ್ಮ ಓದಿನಲ್ಲಿ ಚುರುಕು. ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿದ. ಸರ್ಕಾರಿ ನೌಕರಿಯ ಪರೀಕ್ಷೆಗಳನ್ನು ಬರೆಯುತ್ತ ಹೋದ. ಮೊದಲನೆಯದು ಪ್ರಶ್ನೆಪತ್ರಿಕೆ ಮುಂಚೆಯೇ ಬಯಲಾಗಿ ರದ್ದಾಯಿತು. ಇನ್ನೊಂದರಲ್ಲಿ ಪಾಸಾದ, ಆದರೆ ಯಾರೋ ನ್ಯಾಯಾಲಯಕ್ಕೆ ಹೋಗಿ ತಡೆ ತಂದರು. ನಾಲ್ಕು ವರ್ಷ ಕಳೆದು ತಡೆ ತೆರವಾಗುವ ಹೊತ್ತಿಗೆ ಆ ಹುದ್ದೆಗಳನ್ನೇ ತೆಗೆದುಹಾಕಿದ್ದರು. ಮತ್ತೊಂದರಲ್ಲಿ ಕಾಯುವ ಪಟ್ಟಿಯಲ್ಲಿ ಮೂರನೆಯವನು, ಎರಡನೆಯವನವರೆಗೆ ಬಂದು ಪಟ್ಟಿಯ ಅವಧಿ ಮುಗಿಯಿತು. ಈ ನಡುವೆ ಮಕ್ಕಳಿಗೆ ಮನೆಪಾಠ ಹೇಳಿದ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದ. ಮದುವೆಯ ಮಾತು ಬಂದರೆ, "ಮೊದಲು ಕೆಲಸ ಆಗ್ಲಿ" ಎನ್ನುತ್ತಿದ್ದ. ಅವಳದೂ ಆಗಲಿಲ್ಲ. "ಅವನದೊಂದು ದಡ ಸೇರಲಿ" ಎನ್ನುತ್ತಿದ್ದಳು.

ಬಹುಶಃ ಅದಕ್ಕೇ ಇರಬೇಕು, ಅರ್ಜಿ ಕೊಡಲು ಬಂದವರನ್ನು ಕಂಡರೆ ಅವಳಿಗೆ ಕರುಳು ಚುರ್ ಎನ್ನುತ್ತಿತ್ತು. ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಈಚೆ ಒಂದು ಅಂಟಿನ ಬಾಟಲಿ, ದಾರ ಕಟ್ಟಿದ ಎರಡು ಪೆನ್ನು, ಗುಂಡುಪಿನ್ನುಗಳ ಡಬ್ಬಿ ಇಟ್ಟುಕೊಂಡಿರುತ್ತಿದ್ದಳು. ಅರ್ಜಿ ಕೈಗೆ ತೆಗೆದುಕೊಳ್ಳುವ ಮುಂಚೆ ಮೊದಲ ಪುಟದಿಂದ ಕೊನೆಯವರೆಗೆ ಕಣ್ಣಾಡಿಸಿ, "ಸಹಿ ಎಲ್ಲಪ್ಪ? ಸಹಿ ಇಲ್ಲದ ಅರ್ಜಿ ಅಂದ್ರೆ ಗಂಡಿನ ಹೆಸರಿಲ್ಲದ ಮದುವೆ ಪತ್ರಿಕೆ" ಎನ್ನುತ್ತಿದ್ದಳು. ಸಾಲಿನಲ್ಲಿದ್ದವರೆಲ್ಲ ನಕ್ಕು ತಮ್ಮ ತಮ್ಮ ಕಾಗದ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಒಮ್ಮೆ ಒಳಗೆ ಸೇರಿ ಮೊಹರು ಬಿದ್ದ ಮೇಲೆ ಒಂದು ಚುಕ್ಕಿಯನ್ನೂ ತಿದ್ದುವಂತಿರಲಿಲ್ಲ. ಏನೇ ಉಪಕಾರ ಮಾಡುವುದಿದ್ದರೂ ಕಿಟಕಿಯ ಆಚೆ ಈಚೆ ನಡೆಯುವ ಆ ಎರಡು ನಿಮಿಷದಲ್ಲೇ.

ನಮ್ಮ ಇಲಾಖೆಗೆ ಒಂದು ಪ್ರಯೋಗಾಲಯವಿದೆ. ಊರಿನ ಬೇರೆ ಬೇರೆ ನಲ್ಲಿಗಳಿಂದ ಬಾಟಲಿಗಳಲ್ಲಿ ನೀರು ತಂದು, ಔಷಧದ ಹನಿ ಹಾಕಿ, ಎಷ್ಟು ಗುಲಾಬಿ ಬಣ್ಣಕ್ಕೆ ತಿರುಗಿತು ಎಂದು ನೋಡಿ ಕ್ಲೋರಿನ್ ಸಾಕೋ ಸಾಲದೋ ಬರೆಯುವ ಜಾಗ. ಆರು ಜನ ಸಹಾಯಕರಿರಬೇಕಾದಲ್ಲಿ ಒಬ್ಬರೊಬ್ಬರೇ ನಿವೃತ್ತರಾಗಿ ಕೊನೆಗೆ ಒಬ್ಬ ಮುದುಕ ಉಳಿದ. ಬಾಟಲಿಗಳು ಮೆಟ್ಟಿಲ ಮೇಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಜನ ಬೇಕೆಂದು ಕೇಳಿದ ಕಡತ ಏಳು ವರ್ಷ ಓಡಾಡಿತು. ಇಷ್ಟು ಜನ ಯಾಕೆ ಎಂದು ಒಂದು ಇಲಾಖೆ ಕೇಳಿತು. ವಿದ್ಯಾರ್ಹತೆಯ ನಿಯಮ ಹಳೆಯದಾಯಿತು ಎಂದು ಇನ್ನೊಂದು ವಾಪಸು ಕಳಿಸಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ದೊಣ್ಣೆಗೂ ವರುಷವೇ. ಕಡೆಗೆ ಆರರ ಬದಲು ಎರಡು ಹುದ್ದೆಗೆ ಒಪ್ಪಿಗೆ ಬಂತು. ಪ್ರಕಟಣೆಯನ್ನು ನಾನೇ ಟೈಪು ಮಾಡಿದೆ. "ಸಹಿ ಇಲ್ಲದ ಅರ್ಜಿಗಳನ್ನು ಯಾವುದೇ ಮುನ್ಸೂಚನೆ ನೀಡದೆ ತಿರಸ್ಕರಿಸಲಾಗುವುದು" ಎಂಬ ಸಾಲೂ ನನ್ನ ಬೆರಳಿನಿಂದಲೇ ಬಂದದ್ದು.

ವಯಸ್ಸಿನ ಮಿತಿ ಮೂವತ್ತೈದು. ಅವಳ ತಮ್ಮನಿಗೆ ಮೂವತ್ತೈದು ತುಂಬಲು ಎರಡು ತಿಂಗಳು ಬಾಕಿಯಿತ್ತು.

"ಇದು ಅವನಿಗೇ ಅಂತ ಮಾಡಿದ ಹಾಗಿದೆ ಅಲ್ವೇನೇ?" ಎಂದಳು ಅವತ್ತು ಊಟದ ಹೊತ್ತಿಗೆ. ಮುಖ ಅರಳಿತ್ತು. ಆಮೇಲೆ ದನಿ ಇಳಿಸಿ, "ಆದ್ರೆ ಕಿಟಕಿ ಹತ್ರ ಬರಬೇಡ ಅಂದಿದ್ದೀನಿ. ಅಂಚೆಯಲ್ಲಿ ಕಳಿಸು ಅಂದಿದ್ದೀನಿ. ನಾಳೆ ಅವನು ಪಾಸಾದರೆ ಅಕ್ಕ ಒಳಗಿಂದ ಮಾಡಿಸಿದ್ಲು ಅಂತ ಒಂದು ನರಪಿಳ್ಳೆಯೂ ಅನ್ನಬಾರದು" ಎಂದಳು.

ನಾನೂ ತಲೆಯಾಡಿಸಿದೆ. ಅದು ಆಗ ನನಗೂ ಸರಿ ಅನ್ನಿಸಿತ್ತು.

ಎರಡು ಹುದ್ದೆಗೆ ಮೂರು ಸಾವಿರದ ಎಂಟುನೂರು ಅರ್ಜಿ ಬಂದವು. ಅವನ್ನು ನೋಡಲು ನಮ್ಮ ವಿಭಾಗದಲ್ಲಿ ಇದ್ದವರು ಮೂವರು. ಉಳಿದ ನಾಲ್ಕು ಕುರ್ಚಿಗಳು ಖಾಲಿ ಬಿದ್ದು ವರ್ಷಗಳಾಗಿದ್ದವು. ನಮ್ಮ ಸೂಪರಿಂಟೆಂಡೆಂಟರು ನಿವೃತ್ತಿಗೆ ಹತ್ತಿರವಾಗಿದ್ದ ನಗೆಮುಖದ ಮನುಷ್ಯ. "ನೇಮಕಾತಿ ವಿಭಾಗಕ್ಕೇ ನೇಮಕಾತಿ ಇಲ್ಲ. ಬಾವಿ ತೋಡೋರಿಗೆ ಬಾಯಾರಿಕೆ" ಎನ್ನುತ್ತಿದ್ದರು. ತನ್ನ ತಮ್ಮನೂ ಅಭ್ಯರ್ಥಿ, ತನ್ನನ್ನು ಈ ಕೆಲಸದಿಂದ ಬಿಡಬೇಕು ಎಂದು ಅರ್ಜಿಯಕ್ಕ ಅವರಿಗೆ ಬರೆದುಕೊಟ್ಟಳು. ಅವರು ಕಾಗದ ಓದಿ, ಕನ್ನಡಕ ತೆಗೆದು, "ಮೂವರಲ್ಲಿ ನಿಮ್ಮನ್ನೂ ಬಿಟ್ರೆ ನಾನೇ ಕಸ ಗುಡಿಸಿ ನಾನೇ ಅರ್ಜಿ ನೋಡಬೇಕು. ಅವನದು ಬಂದ್ರೆ ನನ್ನ ಕೈಗೆ ಕೊಡಿ, ಆಯ್ತಲ್ಲ" ಎಂದು ಕಳಿಸಿದರು.

ಆರನೇ ದಿನವೋ ಏಳನೇ ದಿನವೋ, ಮಧ್ಯಾಹ್ನ, ಅವಳ ಮೇಜಿನ ಕಡೆಯಿಂದ ಕಾಗದ ತಿರುಗುವ ಸದ್ದು ನಿಂತಿತು. ನಾನು ತಿರುಗಿ ನೋಡಿದೆ. ಅಂಚೆಯಲ್ಲಿ ಬಂದ ಒಂದು ಕಂದು ಲಕೋಟೆ ಬಿಚ್ಚಿಟ್ಟುಕೊಂಡು ಕೂತಿದ್ದಳು. ತಮ್ಮನ ಫೋಟೋ. ದುಂಡನೆಯ ಅಕ್ಷರ. ಎಲ್ಲ ಪ್ರಮಾಣಪತ್ರಗಳ ನಕಲು ಕ್ರಮವಾಗಿ. ಕೊನೆಯ ಪುಟದಲ್ಲಿ "ಮೇಲಿನ ವಿವರಗಳೆಲ್ಲವೂ ಸತ್ಯ" ಎಂಬ ಸಾಲಿನ ಕೆಳಗೆ ದಿನಾಂಕವಿತ್ತು. ಸಹಿ ಇರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು: ಅವನು ಅರ್ಜಿ ತುಂಬಿದ್ದು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ. ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಕೊನೆಯ ಪುಟಕ್ಕೆ ಬರುವಾಗ ಒಳಗಿಂದ ಕರೆದರು, ಎದ್ದು ಹೋದ. ವಾಪಸು ಬಂದು ಲಕೋಟೆಗೆ ಹಾಕಿ ಅಂಟಿಸಿದ. ನೂರಾರು ಅರ್ಜಿ ತುಂಬಿದ ಕೈ, ಹಾಕಿದ್ದೇನೆ ಅಂದುಕೊಂಡಿತು.

"ಅಕ್ಕ, ಅವನನ್ನ ಕರೆಸು. ಐದು ನಿಮಿಷದ ಕೆಲಸ. ನಾನೇನೂ ನೋಡಿಲ್ಲ" ಎಂದೆ.

ಅವಳು ಕಾಲ ಬಳಿಯಿದ್ದ ಕಟ್ಟನ್ನು ತೋರಿಸಿದಳು. "ಸಹಿ ಇಲ್ಲ ಅಂತ ಇವತ್ತು ಬೆಳಗ್ಗೆಯಿಂದ ಹನ್ನೊಂದು ಪಕ್ಕಕ್ಕಿಟ್ಟೆ. ಅವರ ಮನೆಯಲ್ಲೂ ಯಾರಿಗೋ ಹುಷಾರಿರಲಿಲ್ಲ ಅಂದ್ಕೋ."

"ಅವರಿಗೆ ಇನ್ನೊಂದು ಸಲ ಇರುತ್ತೆ. ಇವನಿಗೆ ಇಲ್ವಲ್ಲ."

"ಹನ್ನೊಂದು ಜನಕ್ಕೂ ಇರುತ್ತೆ ಅಂತ ನಿನಗೆ ಯಾರು ಹೇಳಿದ್ದು?"

ಎದ್ದು ಸೂಪರಿಂಟೆಂಡೆಂಟರ ಮೇಜಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಅವರು ಕೊನೆಯ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಯಾರ ಮುಖವನ್ನೂ ನೋಡದೆ, ಮೇಜಿನ ಮೇಲೆ ತಮ್ಮ ಪೆನ್ನನ್ನು ಅರ್ಜಿಯ ಪಕ್ಕಕ್ಕೆ ಸರಿಸಿ, "ನನಗೆ ತಲೆ ಸಿಡೀತಾ ಇದೆ. ಚಹಾ ಕುಡಿದು ಬರ್ತೀನಿ. ಅರ್ಧ ಗಂಟೆ ಆಗಬಹುದು. ಬಂದ ಮೇಲೆ ನೋಡ್ತೀನಿ ಇದನ್ನ" ಎಂದು ಎದ್ದರು.

ಅರ್ಜಿಯಕ್ಕ ಆ ಪೆನ್ನನ್ನು ನೋಡಿದಳು. "ನಡೀರಿ ಸಾರ್, ನನಗೂ ಚಹಾ ಬೇಕು" ಎಂದಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ವಾಪಸು ಬಂದವರೇ ಸೂಪರಿಂಟೆಂಡೆಂಟರು ಆ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ "ತಿರಸ್ಕೃತ" ಎಂದು ಬರೆದರು.

ತಿರಸ್ಕೃತರ ಪಟ್ಟಿ ಹೊರಬೀಳುವವರೆಗೆ ಯಾರಿಗೂ ಏನೂ ಹೇಳುವಂತಿಲ್ಲ ಎಂಬುದು ನಿಯಮ. ಅವಳು ಅದನ್ನೂ ಪಾಲಿಸಿದಳು. ಮನೆಯಲ್ಲಿ ತಮ್ಮ ಓದುತ್ತಿದ್ದ. ಈ ಸಲ ಹಿಂದೆಂದಿಗಿಂತ ಹೆಚ್ಚು ಉತ್ಸಾಹ. ಕನ್ನಡಕದ ಅಂಗಡಿಗೆ ರಜೆ ಹಾಕಿದ್ದ. ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಸಿದ್ದ. ಬೆಳಗ್ಗೆ ಅವಳು ಒಲೆಯ ಮುಂದೆ ನಿಂತಿದ್ದರೆ ಪುಸ್ತಕ ತಂದು ಕೊಟ್ಟು, "ಪ್ರಶ್ನೆ ಕೇಳಕ್ಕ" ಎನ್ನುತ್ತಿದ್ದ. ಅವಳು ಕೇಳುತ್ತಿದ್ದಳು. ಅವನು ಒಂದೂ ತಪ್ಪದೆ ಹೇಳುತ್ತಿದ್ದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ತಾಯಿ ಮಂಚದ ಮೇಲಿಂದ, "ಈ ಸಲ ಆಗುತ್ತೆ ಬಿಡು" ಎನ್ನುತ್ತಿದ್ದರು.

"ನಿನ್ನ ಎದೆ ಏನು ಕಲ್ಲಾ ಅಕ್ಕ? ಸೂಚನೆಯಾದರೂ ಕೊಡು" ಎಂದೆ ಒಂದು ದಿನ.

"ಹೇಳೋಣ ಅಂತ ದಿನಾ ಬಾಯಿ ತೆಗೀತೀನಿ ಕಣೆ. ಅವನ ಮುಖ ನೋಡಿ ಮುಚ್ಕೊಳ್ತೀನಿ. ನಿಯಮ ಒಂದು ನೆಪ" ಎಂದಳು. ಡಬ್ಬಿಯಲ್ಲಿದ್ದ ಊಟವನ್ನು ಹಾಗೇ ಮುಚ್ಚಿ ಮನೆಗೆ ಒಯ್ದಳು.

ಪಟ್ಟಿಯನ್ನು ಕೆಳಗಿನ ಮಹಡಿಯ ಹಲಗೆಗೆ ಅಂಟಿಸಿದ ದಿನ ಅವನು ತಾನೇ ಬಂದು ನೋಡಿದ. ಪರೀಕ್ಷೆಯ ಪ್ರವೇಶ ಪತ್ರದ ವಿಷಯ ತಿಳಿಯಲು ಬಂದಿದ್ದನಂತೆ. ಆಮೇಲೆ ಮೆಟ್ಟಿಲು ಹತ್ತಿ ನಮ್ಮ ಕಿಟಕಿಗೆ ಬಂದ. ಹಿಂದೆ ಎಂದೂ ಬಂದವನಲ್ಲ. ಮುಂದೆ ಇದ್ದ ಐದಾರು ಜನರ ಹಿಂದೆ ಸಾಲಿನಲ್ಲೇ ನಿಂತ. ಅವಳು ತಲೆ ಎತ್ತುವ ಹೊತ್ತಿಗೆ ಅವನ ಸರದಿ ಬಂದಿತ್ತು.

"ನನ್ನ ಅರ್ಜಿ ಯಾರು ನೋಡಿದ್ದು?"

"ನಾನೇ."

"ಯಾವತ್ತು?"

ಅವಳು ತಾರೀಖು ಹೇಳಿದಳು. ಅವನು ಮನಸ್ಸಿನಲ್ಲೇ ಎಣಿಸಿದ. ತುಟಿ ಅಲ್ಲಾಡಿದ್ದು ನನಗೆ ಕಾಣಿಸಿತು.

"ಇಪ್ಪತ್ತಮೂರು ದಿನ" ಎಂದ. "ತಿರಸ್ಕಾರ ಮಾಡಿದ್ದು ಸರಿ ಅಕ್ಕ, ತಪ್ಪು ನನ್ನದೇ. ಆದ್ರೆ ಇಪ್ಪತ್ತಮೂರು ದಿನ ನನ್ನ ಓದಿಸಿದೆಯಲ್ಲ."

ಅವಳು ಏನೋ ಹೇಳಲು ಹೋದಳು. ಹಿಂದೆ ನಿಂತವನು, "ಸ್ವಲ್ಪ ಬೇಗ" ಎಂದ. ತಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟು ಇಳಿದುಹೋದ.

ಅವತ್ತು ಮನೆಯಲ್ಲಿ ತಾಯಿ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು ಎಂದಳು ಅರ್ಜಿಯಕ್ಕ. ಪಟ್ಟಿ ಬಿಚ್ಚಿದ ಕಣ್ಣನ್ನು ಅವಳ ಮೇಲಿಟ್ಟು, "ಊರಿಗೆ ಉಪಕಾರಿ, ಮನೆಗೆ ಮಾರಿ. ಅವನ ಪಾಲಿನದು ನೀನು ಉಂಡೆ. ಅವನೇ ಗಳಿಸಿಕೊಳ್ಳೋಕೆ ಹೋದರೆ ಅದಕ್ಕೂ ಕೈ ಅಡ್ಡ ಹಿಡಿದೆ" ಎಂದರಂತೆ. ಅಷ್ಟೇ. ಆಮೇಲೆ ಆ ಮನೆಯಲ್ಲಿ ಬೇಕಾದ್ದಕ್ಕೆ ಮಾತ್ರ ಮಾತು. ಉಪ್ಪು ಇದೆ, ಉಪ್ಪು ಇಲ್ಲ, ಬಾಗಿಲು ಹಾಕು.

ಆ ಎರಡು ಹುದ್ದೆಗಳ ಕಥೆಯನ್ನೂ ಹೇಳಿಬಿಡಬೇಕು. ಪರೀಕ್ಷೆ ನಡೆಯಿತು, ಇಬ್ಬರು ಆಯ್ಕೆಯಾದರು. ಒಬ್ಬಳು ಬಂದು ನಲವತ್ತು ದಿನ ಕೆಲಸ ಮಾಡಿದಳು. ಬ್ಯಾಂಕಿನಿಂದ ಕರೆ ಬಂತು, ಹೋದಳು. ಅವಳ ಮೇಲೆ ನಮಗೆ ಸಿಟ್ಟಿರಲಿಲ್ಲ, ಅವಳೂ ಹತ್ತು ಕಡೆ ಬರೆದಿದ್ದವಳು. ಇನ್ನೊಬ್ಬ ಬರಲೇ ಇಲ್ಲ. ಕಾಯುವ ಪಟ್ಟಿಯ ಮೊದಲನೆಯವನನ್ನು ಕರೆದೆವು. ಅವನ ಪ್ರಮಾಣಪತ್ರ ನಿಜವೇ ಎಂದು ಕೇಳಿ ವಿಶ್ವವಿದ್ಯಾಲಯಕ್ಕೆ ಬರೆದ ಕಾಗದಕ್ಕೆ ಉತ್ತರ ಬರಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಪಟ್ಟಿಯ ವರ್ಷ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವನು ಕಿಟಕಿಯ ಮುಂದೆ ನಿಂತು ಅತ್ತ. ಅರ್ಜಿಯಕ್ಕ ಅವನಿಗೆ ನೀರು ಕೊಟ್ಟಳು. ಬೇರೆ ಕೊಡಲು ಅವಳ ಬಳಿ ಏನಿತ್ತು? ಪ್ರಯೋಗಾಲಯದ ಮುದುಕನೂ ಆ ವರ್ಷವೇ ನಿವೃತ್ತನಾದ.

ಕಡೆಗೆ ಮೇಲಿನವರು ಒಂದು ದಾರಿ ಕಂಡುಕೊಂಡರು. ಜನ ಒದಗಿಸುವ ಖಾಸಗಿ ಏಜೆನ್ಸಿಗೆ ಗುತ್ತಿಗೆ ಕೊಟ್ಟರು. ಏಜೆನ್ಸಿಯ ಮೂಲಕ ಬರುವವರಿಗೆ ಪರೀಕ್ಷೆ ಬೇಡ, ವಯಸ್ಸಿನ ಮಿತಿ ಬೇಡ, ಯಾವಾಗ ಬೇಕಾದರೂ ತೆಗೆಯಬಹುದು. ಹಾಗೆ ಬಂದ ಇಬ್ಬರಲ್ಲಿ ಒಬ್ಬ ಅವಳ ತಮ್ಮ. ಅವನು ಹೇಳಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಒಂದು ಸೋಮವಾರ ಬೆಳಗ್ಗೆ ಕೊರಳಲ್ಲಿ ಏಜೆನ್ಸಿಯ ಗುರುತಿನ ಚೀಟಿಯ ಹಳದಿ ಪಟ್ಟಿ ನೇತುಹಾಕಿಕೊಂಡು, ಹಾಜರಿ ಹಾಳೆ ಹಿಡಿದುಕೊಂಡು ನಮ್ಮ ಕೋಣೆಗೆ ಬಂದ.

"ಮೇಡಂ, ಲ್ಯಾಬ್‌ನವರ ಹಾಜರಿ" ಎಂದ.

ಮೇಡಂ ಎಂಬ ಮಾತು ಕೇಳಿ ಅವಳ ಕೈಯಲ್ಲಿದ್ದ ಕಾಗದ ಜಾರಿತು. ಅವನೇ ಬಗ್ಗಿ ಎತ್ತಿಕೊಟ್ಟ.

ಕೆಲಸದಲ್ಲಿ ಅವನು ಎಂಥವನು ಎಂದು ಲ್ಯಾಬಿನ ಕೆಮಿಸ್ಟಮ್ಮನನ್ನು ಕೇಳಬೇಕು. ಮೆಟ್ಟಿಲ ಮೇಲಿನ ಬಾಟಲಿಗಳು ಮೂರು ತಿಂಗಳಲ್ಲಿ ಒಳಗೆ ಸೇರಿದವು. ಯಾವ ಬೀದಿಯ ನೀರು ಹೇಗಿದೆ ಎಂದು ಅವನಿಗೆ ಬಾಯಿಪಾಠ. ಆದರೆ ವರದಿಯ ಕೆಳಗೆ ಅವನ ಹೆಸರು ಬರುತ್ತಿರಲಿಲ್ಲ, ಬರುವಂತಿರಲಿಲ್ಲ. ನೌಕರರ ಗುಂಪು ಫೋಟೋ ತೆಗೆಯುವ ದಿನ ಅವನು ಬಾಟಲಿ ತೊಳೆಯುತ್ತ ಒಳಗೇ ಇರುತ್ತಿದ್ದ. ನಮ್ಮ ಕಡತದಲ್ಲಿ ಅವನು ಕೂರುವ ಸ್ಟೂಲಿನ ಎದುರಿಗೆ ಈಗಲೂ "ಖಾಲಿ" ಎಂದೇ ಇದೆ. ಪ್ರತಿ ವರ್ಷ ಖಾಲಿ ಹುದ್ದೆಗಳ ಪಟ್ಟಿ ಮಾಡುವಾಗ ಅರ್ಜಿಯಕ್ಕ ಆ ಸಾಲಿಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಮೂರನೇ ವರ್ಷ, "ಇದನ್ನ ನೀನು ಟೈಪ್ ಮಾಡು, ನನ್ನ ಕೈಲಾಗಲ್ಲ" ಎಂದು ಹಾಳೆಯನ್ನು ನನ್ನ ಮೇಜಿಗೆ ತಳ್ಳಿದಳು. ಆ ತಿಂಗಳೇ ಬೇರೆ ವಿಭಾಗ ಕೇಳಿಕೊಂಡು ನೆಲಮಹಡಿಯ ದಾಖಲೆ ಕೋಣೆಗೆ ಹೋದಳು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಕಿಟಕಿಯನ್ನೂ ನಾನೇ ನೋಡಿಕೊಳ್ಳುತ್ತೇನೆ.

ತಾಯಿ ತೀರಿಕೊಂಡದ್ದು ಅದರ ಮರುವರ್ಷ. ಕೊನೆಯ ವಾರ ಆಸ್ಪತ್ರೆಯಲ್ಲಿ ಅಕ್ಕ ತಮ್ಮ ಸರದಿಯಲ್ಲಿ ಕೂತರು. ಒಂದು ಮಧ್ಯಾಹ್ನ ತಾಯಿ ಎಚ್ಚರಗೊಂಡು, ಮಗನ ಕೊರಳಿನ ಹಳದಿ ಪಟ್ಟಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, "ಅಂತೂ ಅಪ್ಪನ ಆಫೀಸು ಸೇರಿದೆಯಲ್ಲ ಮಗನೇ. ಕಾಯಂ ಆಯ್ತಾ?" ಎಂದು ಕೇಳಿದರು. ಅವನು ಅಕ್ಕನ ಮುಖ ನೋಡಿದ. ಅವಳು ಗೋಡೆ ನೋಡಿದಳು. "ಆಯ್ತಮ್ಮ" ಎಂದ. "ಅವಳೇ ಮಾಡಿಸಿದ್ಲಾ?" ಎಂದರು ತಾಯಿ. "ಹೂಂ, ಅಕ್ಕನೇ" ಎಂದ.

ಇದನ್ನು ಹೇಳುವಾಗ ಅರ್ಜಿಯಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಬೈದಿದ್ರೆ ತಡ್ಕೊಳ್ತಿದ್ದೆ" ಎಂದಳು.

ಕಳೆದ ವರ್ಷ ಹೊಸ ಪ್ರಕಟಣೆ ಬಂತು. ಗುತ್ತಿಗೆಯಲ್ಲಿ ಐದು ವರ್ಷ ದುಡಿದವರಿಗೆ ವಯಸ್ಸಿನ ವಿನಾಯಿತಿ, ನಲವತ್ತೈದರವರೆಗೆ ಬರೆಯಬಹುದು. ಅವನಿಗೆ ಆಗ ನಲವತ್ತೊಂದು. ಅರ್ಜಿಯ ನಮೂನೆ ಹಿಡಿದುಕೊಂಡು ನಾನೇ ಲ್ಯಾಬಿಗೆ ಓಡಿದೆ. ಅವನು ಸ್ಟೂಲಿನ ಮೇಲೆ ಕೂತು ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಇಲ್ಲೇ ತುಂಬು. ನನ್ನ ಎದುರಿಗೇ ಎಲ್ಲ ಹಾಕು. ನಾನು ನೋಡಿ ತಗೊಂಡು ಹೋಗ್ತೀನಿ" ಎಂದೆ.

ಅವನು ನಳಿಕೆ ಕೆಳಗಿಟ್ಟು, ಕೈ ಒರೆಸಿಕೊಂಡು, ನಮೂನೆಯನ್ನು ಮೊದಲಿಂದ ಕೊನೆಯವರೆಗೆ ಓದಿದ. ಮಡಚಿ ವಾಪಸು ಕೊಟ್ಟ. "ಬೇಡಕ್ಕ. ಬೇಜಾರು ಮಾಡ್ಕೋಬೇಡಿ. ಪರೀಕ್ಷೆ ಅಂದ್ರೆ ಈಗ ಅಕ್ಷರಗಳು ಕಲಸಿಕೊಳ್ತವೆ. ಅದನ್ನ ಬಿಟ್ಟ ಮೇಲೆ ನಿದ್ದೆಯಾದರೂ ಬರ್ತಿದೆ" ಎಂದ.

ದಾಖಲೆ ಕೋಣೆಗೆ ಹೋಗಿ ಅವಳಿಗೆ ಹೇಳಿದೆ. ಕಪಾಟುಗಳ ನಡುವೆ ಸಣ್ಣ ಏಣಿಯ ಮೇಲೆ ಕೂತಿದ್ದಳು. ತಾನೇ ಎದ್ದು ಹೋಗಿ ಅವನಿಗೆ ಬುದ್ಧಿ ಹೇಳುತ್ತಾಳೆ ಅಂದುಕೊಂಡಿದ್ದೆ.

"ಓದು ಅಂತ ಅವನಿಗೆ ಹೇಳೋ ಬಾಯಿ ನನಗಿಲ್ಲ" ಎಂದಳು. "ನೀನೂ ಒತ್ತಾಯ ಮಾಡಬೇಡ. ಬಿಟ್ಟುಬಿಡು."

ಅರ್ಜಿ ಹಾಕುವ ಕಡೆಯ ದಿನ ಕಳೆದುಹೋಯಿತು. ಕಚೇರಿ ಬಿಟ್ಟ ಮೇಲೆ ಈಗ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಾರೆ. ಅವನು ಹತ್ತು ಹೆಜ್ಜೆ ಮುಂದೆ, ಅವಳು ಹಿಂದೆ. ಅವಳಿಗೆ ಮಂಡಿ ನೋವು ಶುರುವಾದ ಮೇಲೆ ರಸ್ತೆ ದಾಟುವ ಜಾಗದಲ್ಲಿ ಅವನು ನಿಂತು ಕಾಯುತ್ತಾನೆ. ಅವಳು ಬಂದು ಅವನ ತೋಳು ಹಿಡಿದುಕೊಳ್ಳುತ್ತಾಳೆ. ಮೊನ್ನೆ ನಾನು ಅವರ ಹಿಂದೆಯೇ ಇದ್ದೆ.

"ಔಷಧಿ ತಗೊಂಡ್ಯಾ?" ಎಂದು ಕೇಳಿದ ಅವನು.

"ಮರೆತೆ" ಎಂದಳು ಅವಳು.

"ಮನೆಗೆ ಹೋಗಿ ಜ್ಞಾಪಿಸ್ತೀನಿ" ಎಂದ. ವಾಹನಗಳು ನಿಂತವು. ಇಬ್ಬರೂ ದಾಟಿದರು.